ಮೂರನೆಯ ಕೂಗು

ಇದು ಎಲ್ಲೋ ಯಾರಿಗೋ ಆದದ್ದಲ್ಲ. ಅರಸೀಕೆರೆಯಲ್ಲಿ ನಮ್ಮ ಗೋಡೆಗೆ ಗೋಡೆ ತಗುಲಿಕೊಂಡಿದ್ದ ಮನೆಯ ಸುವರ್ಣಮ್ಮನಿಗೆ ಆದದ್ದು. ದೀಪ ಸ್ವಲ್ಪ ಸಣ್ಣ ಮಾಡಿ... ಸಾಕು. ನಡುವೆ ಯಾರೂ ಎದ್ದು ಹೋಗಬೇಡಿ.

ಕಣಕಟ್ಟೆ ಕಡೆಯ ಒಂದು ಊರು. ಹೆಸರು ಬೇಡ, ಆ ಮನೆತನದವರು ಇನ್ನೂ ಅಲ್ಲೇ ಇದ್ದಾರೆ. ಮಹಾರಾಜರ ಕಾಲ, ಇಸವಿ ಮೂವತ್ತಾರೋ ಮೂವತ್ತೇಳೋ. ರಾಗಿ ಕಣ ಮುಗಿದಿತ್ತು, ಚಳಿ ಇನ್ನೂ ಬಿಟ್ಟಿರಲಿಲ್ಲ. ರಾತ್ರಿ ಊರೊಳಗಿಂದ ಇಬ್ಬರು ಹೆಂಗಸರು ತೆಂಗಿನ ತೋಟದ ಕಡೆ ನಡೆದು ಬರುತ್ತಿದ್ದರು. ಲಾಟೀನು ಹಿಡಿದು ಮುಂದೆ ಸುವರ್ಣಮ್ಮ. ಆಗ ಅವಳಿಗೆ ಚಿಕ್ಕ ವಯಸ್ಸು, ಅದಕ್ಕೇ 'ಅವಳು' ಅನ್ನುತ್ತಿದ್ದೇನೆ. ಹಿಂದೆ ಸೀಮೆಯ ದೊರೆಸಾನಿ, ಆಗ್ನೆಸಮ್ಮ. ದಾರಿಯಲ್ಲಿ ಒಂದು ಆಲದ ಮರ, ಅದರ ಬುಡಕ್ಕೆ ಸೇದುವ ಬಾವಿ.

ಕಿರ್ರ್... ಕಿರ್ರ್...

ಬಾವಿಯ ರಾಟೆ. ಹಗ್ಗವನ್ನು ಸಂಜೆಯೇ ಬಿಚ್ಚಿಕೊಂಡು ಹೋಗಿದ್ದರು. ಕೊಡ ಇಲ್ಲ, ಸೇದುವವರಿಲ್ಲ. ಒಂದು ಎಲೆ ಅಲುಗುವಷ್ಟೂ ಗಾಳಿ ಇಲ್ಲ. ರಾಟೆ ಮಾತ್ರ ತಿರುಗುತ್ತಿತ್ತು... ಸುವರ್ಣಮ್ಮ ಅಲ್ಲೇ ನಿಂತುಬಿಟ್ಟಳು.

"ಏನು?" ದೊರೆಸಾನಿ ಪಿಸುಗುಟ್ಟಿದಳು.

"ಏನಿಲ್ಲ, ಬನ್ನಿ."

"ದೆವ್ವ?" ಅಂತ ಕೇಳಿ ನಕ್ಕಳು ದೊರೆಸಾನಿ. ಅವಳಿಗೆ ಬರುತ್ತಿದ್ದ ಹತ್ತಿಪ್ಪತ್ತು ಕನ್ನಡ ಮಾತಿಗೆ ಇವತ್ತು ಹೊಸದಾಗಿ ಸೇರಿದ್ದು ಅದು.

ಸುವರ್ಣಮ್ಮ ನಗಲಿಲ್ಲ. ನಗಬೇಕಿತ್ತು. ಯಾಕೆಂದರೆ ಈಗಷ್ಟೇ ಊರ ಚಾವಡಿಯ ಮುಂದೆ ನಿಂತು, ದೆವ್ವ ಅನ್ನುವುದೇ ಇಲ್ಲ ಅಂತ ಊರಿಗೆ ಊರನ್ನೇ ನಂಬಿಸಲು ಹೋಗಿದ್ದವಳು ಅವಳೇ.

ಈ ಆಗ್ನೆಸಮ್ಮ ಯಾರು ಅಂತ ಹೇಳಿಬಿಡುತ್ತೇನೆ. ಸಂಬಳದ ಪಾದ್ರಿಗಳ ಪೈಕಿಯಲ್ಲ. ಸಮುದ್ರದಾಚೆ ತನ್ನೂರಿನ ಚರ್ಚಿನಲ್ಲಿ, ಸೇವೆಗೆ ಯಾರು ಹೋಗುತ್ತೀರಿ ಅಂತ ಕೇಳಿದಾಗ ಕೈಯೆತ್ತಿ ಹಡಗು ಹತ್ತಿದವಳು. ಇಪ್ಪತ್ತೈದರ ಆಸುಪಾಸು. ಹೆರಿಗೆ ಮಾಡಿಸುವುದು ಕಲಿತಿದ್ದಳು. ಒಂದು ಚಳಿಗಾಲ ಇಲ್ಲಿ ಸೇವೆ ಮಾಡಿ ವಾಪಸು ಹೋಗುವುದು ಅಂತ ಮಾತು. ಒಳ್ಳೆಯವಳೇ. ಅದರಲ್ಲಿ ಅನುಮಾನವಿಲ್ಲ. ಭಾಷೆ ಮಾತ್ರ ಬಾರದು. ಅವಳ ಬಾಯಿ, ಕಿವಿ ಎರಡೂ ಸುವರ್ಣಮ್ಮ.

ಸುವರ್ಣಮ್ಮ ಹುಟ್ಟಿದ್ದು ಅದೇ ಊರಲ್ಲಿ. ಗಂಡ ಬೇಗ ತೀರಿಕೊಂಡ, ಅತ್ತೆ ಮನೆಯವರು ಹೊರಗೆ ಹಾಕಿದರು. ಮಿಷನ್ನಿನವರು ಅನ್ನ ಕೊಟ್ಟರು, ಅಕ್ಷರ ಕೊಟ್ಟರು, ಇಂಗ್ಲಿಷ್ ಕಲಿಸಿದರು. ಅವಳು ಅವರ ಮತಕ್ಕೆ ಸೇರಿದಳು. ಊರು ಅವಳನ್ನು ಸತ್ತವರ ಲೆಕ್ಕಕ್ಕೆ ಸೇರಿಸಿತು. ಅಪ್ಪ ಅವ್ವ ಇಬ್ಬರೂ ಇರಲಿಲ್ಲ. ಉಳಿದವಳು ಒಬ್ಬಳೇ ತಂಗಿ, ಕೆಂಪಲಕ್ಷ್ಮಮ್ಮ. ಕೆಂಪಿ. ಅದೇ ಊರಿನ ಲಕ್ಕಪ್ಪನಿಗೆ ಕೊಟ್ಟಿದ್ದರು. ಅಕ್ಕತಂಗಿ ಮುಖ ನೋಡಿ ಎಷ್ಟೋ ಕಾಲವಾಗಿತ್ತು.

ಆವತ್ತು ಬೆಳಿಗ್ಗೆ ಗಾಡಿ ಊರ ಮುಂದೆ ನಿಂತದ್ದೇ ತಡ, ಜನ ಮುತ್ತಿಕೊಂಡರು. ಹೆಂಗಸರು ಬೆರಳಿಗೆ ಉಗುಳು ಹಚ್ಚಿ ದೊರೆಸಾನಿಯ ಮುಂಗೈ ಉಜ್ಜಿ ನೋಡಿದರು, ಬಿಳಿ ಬಣ್ಣ ಬಿಡುತ್ತದೋ ಏನೋ ಅಂತ. ಪಟೇಲ ಚನ್ನಬಸವಯ್ಯನ ಹುಳುಕು ಹಲ್ಲನ್ನು ಅವಳು ಇಕ್ಕಳದಲ್ಲಿ ಕಿತ್ತಳು. ಪಟೇಲ ಕೂಗಿದ ಕೂಗಿಗೆ ಮಾಲೇಕಲ್ಲು ಬೆಟ್ಟದ ಸ್ವಾಮಿಯೇ ಎದ್ದು ಕೂತಿರಬೇಕು. ಆಮೇಲೆ ಆ ಹಲ್ಲನ್ನು ವೀಳ್ಯದೆಲೆಯಲ್ಲಿ ಸುತ್ತಿಕೊಂಡು ದೊಡ್ಡ ಮರ್ಯಾದೆಯಿಂದ ಮನೆಗೆ ಹೋದ. ಅಷ್ಟರಲ್ಲಿ ಯಾರದೋ ಕರು ದೊರೆಸಾನಿಯ ಹುಲ್ಲಿನ ಟೋಪಿ ಅರ್ಧ ತಿಂದಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ತೆಂಗಿನ ಗರಿಯ ಮೇಲೆ ಗಿಳಿ ಕೂತಿದ್ದು ಕಂಡು, "ಇದಕ್ಕೆ ಏನನ್ನುತ್ತೀರಿ?" ಅಂತ ಕೇಳಿದಳು. ಸುವರ್ಣಮ್ಮ "ಹಕ್ಕಿ" ಅಂದಳು. "ಹಕ್ಕಿ, ಹಕ್ಕಿ" ಅಂತ ಮಗುವಿನ ಹಾಗೆ ಹೇಳಿಕೊಂಡು ತಿರುಗಿದಳು.

ಅವರಿಗೆ ಇಳಿದುಕೊಳ್ಳಲು ಕೊಟ್ಟಿದ್ದು ಊರಾಚೆ ತೋಟದ ಮನೆ. ಮಧ್ಯಾಹ್ನ ಅದರ ಹಿತ್ತಲ ಬಾಗಿಲಿಗೆ ಕೆಂಪಿ ಬಂದಳು. ತಲೆಯ ಮೇಲೆ ಬಿದಿರಿನ ಮಂಕರಿ. ತುಂಬಿದ ಹೊಟ್ಟೆ.

"ಅಕ್ಕ..."

"ಕೆಂಪೀ! ಯಾಕೆ ಬಂದ್ಯೇ ಇಲ್ಲಿಗೆ? ನಿಮ್ಮತ್ತೆ ಕಂಡ್ರೆ?"

"ಸಗಣಿ ಆಯ್ಕಂಡ್ ಬತ್ತೀನಿ ಅಂತ ಬಂದೆ. ಒಂದ್ ಸಲ ಆ ದೊರೆಸಾನಿ ನೋಡ್ಲಿ ಕಣಕ್ಕ. ಎರಡು ಹೋದ್ವು. ಇದೂ ಹಂಗೇ ಹೋದ್ರೆ ಇನ್ನೊಂದು ಹೆಣ್ಣು ತತ್ತೀನಿ ಅಂತವ್ಳೆ ನಮ್ಮತ್ತೆ."

ದೊರೆಸಾನಿ ಮುಟ್ಟಿ ನೋಡಿದಳು. ನಗುತ್ತಿದ್ದ ಮುಖ ಗಂಭೀರವಾಯಿತು. ಮಗು ಅಡ್ಡ ಮಲಗಿದೆ ಅಂದಳು. ಆಸ್ಪತ್ರೆಗೆ ಹೋದರೆ ಒಳ್ಳೆಯದು. ಆಗದಿದ್ದರೆ ನೋವು ಶುರುವಾದ ಕೂಡಲೇ ನನ್ನನ್ನು ಕರೆಯಬೇಕು. ತಡವಾದರೆ ಇಬ್ಬರೂ ಉಳಿಯುವುದಿಲ್ಲ. ಇದನ್ನೆಲ್ಲ ಸುವರ್ಣಮ್ಮ ತಂಗಿಗೆ ಕನ್ನಡದಲ್ಲಿ ಹೇಳಿದಳು.

ತಂಗಿಯನ್ನು ಅಲ್ಲೇ ಕೂರಿಸಿ ಅವಳು ಸೀದಾ ಲಕ್ಕಪ್ಪನ ಮನೆಗೆ ಹೋದಳು. ಲಕ್ಕಪ್ಪ ಕೊಬ್ಬರಿ ಹೇರಿಕೊಂಡು ಬಾಣಾವರಕ್ಕೆ ಹೋಗಿದ್ದ. ಅವನ ತಾಯಿ ಹುಚ್ಚಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು.

"ಅವ್ವಾ, ನಾಳೆ ನಮ್ ಗಾಡೀಲಿ ಕೆಂಪಿನ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀನಿ. ಇಲ್ಲಾಂದ್ರೆ ಪ್ರಾಣಕ್ಕೇ ಬತ್ತದೆ."

ಹುಚ್ಚಮ್ಮ ಮೊರ ನಿಲ್ಲಿಸಲಿಲ್ಲ. "ನೀನ್ ಜಾತಿ ಕೆಡಿಸ್ಕಂಡಿದ್ದು ಸಾಲ್ದಾ? ಇವ್ಳ್ನೂ ಕೆಡಿಸ್ಬೇಕಾ? ನಾವೆಲ್ಲ ಆ ಬಿಳೀ ಮೂತಿಯವ್ರ ಕೈಲೇ ಹುಟ್ಟಿದ್ದಾ? ನಡಿ ಆಚೆಗೆ."

ಸುವರ್ಣಮ್ಮ ಮೆಟ್ಟಿಲಿಳಿದ ಮೇಲೆ ಅವಳು ನಿಂತಿದ್ದ ಜಾಗಕ್ಕೆ ನೀರು ಚೆಲ್ಲಿದ ಸದ್ದು ಕೇಳಿಸಿತು. ಛಳ್... ಅಂತ. ಆ ಸದ್ದನ್ನು ಅವಳು ಸಾಯುವವರೆಗೂ ಮರೆಯಲಿಲ್ಲ.

ವಾಪಸು ಬಂದಾಗ ದೊರೆಸಾನಿ ತನ್ನ ಹಾಸಿಗೆಯಿಂದ ದಿಂಬಿನ ಚೀಲ ಬಿಚ್ಚುತ್ತಿದ್ದಳು. ಮೂಲೆಯಲ್ಲಿ ನೀಲಿ ದಾರದ ಹೂ. ಅವಳ ತಾಯಿ ಕಸೂತಿ ಹಾಕಿದ್ದಂತೆ. ಅದರೊಳಕ್ಕೆ ಒಗೆದ ಬಿಳಿ ಬಟ್ಟೆ ಇಟ್ಟಳು, ಕಾಗದದಲ್ಲಿ ಸುತ್ತಿದ ಹೊಸ ಬ್ಲೇಡು ಇಟ್ಟಳು. ಹೊಕ್ಕುಳಬಳ್ಳಿ ಕಟ್ಟಲು ನೂಲು ಬೇಕು ಅಂದಳು. ಸುವರ್ಣಮ್ಮನೇ ನೂಲು ಕುದಿಸಿ, ಒಣಗಿಸಿ, ಸುತ್ತಿ ಒಳಗಿಟ್ಟಳು. ಚೀಲದ ಬಾಯಿಗೆ ಗಂಟು ಹಾಕಿದವಳೂ ಅವಳೇ. ಕೆಂಪಿ ಅದನ್ನು ಮಡಿಲಲ್ಲಿ ಕಟ್ಟಿಕೊಂಡಳು.

"ನಾಳೆ ಇವ್ರು ಬಂದ್ರೆ ನಾನೇ ಕೇಳ್ತೀನಿ. ಅಷ್ಟ್ರೊಳಗೆ ನೋವು ಬಂದ್ರೆ ನಾನೇ ಬಂದು ಕೂಗ್ತೀನಿ ಕಣಕ್ಕ. ಬಾಗ್ಲು ತೆಗೀತೀಯಾ?"

"ತೆಗೀದೆ ಇರ್ತೀನೇನೇ? ಅವ್ವನ ಆಣೆ ತೆಗೀತೀನಿ."

ಸಂಜೆ ಚಾವಡಿಯ ಮುಂದೆ ಪರದೆಯ ಹಾಗೆ ಪಂಚೆ ಕಟ್ಟಿ ದೀಪದ ಬೆಳಕಲ್ಲಿ ಚಿತ್ರ ತೋರಿಸಿದರು. ಏಸುಸ್ವಾಮಿ ದೋಣಿಯಲ್ಲಿ ನಿಂತದ್ದು, ಕುರುಡನಿಗೆ ಕಣ್ಣು ಬಂದದ್ದು. ಜನ ಬಾಯಿ ಬಿಟ್ಟುಕೊಂಡು ನೋಡಿದರು. ಕೊನೆಗೆ ಒಬ್ಬ ಮುದುಕಿ ಎದ್ದು ಕೇಳಿದಳು, "ದೊರೆಸಾನಮ್ಮ, ನಿಮ್ ದೇವ್ರು ಆಲದ ಮರದ್ದನ್ನ ಓಡುಸ್ತಾನಾ? ರಾತ್ರಿ ಹೊತ್ತು ಹೆಸರಿಡಿದು ಕೂಗ್ತದೆ."

ಅಲ್ಲಿನ ಪದ್ಧತಿ ನಿಮಗೆ ಗೊತ್ತಿರಬೇಕು. ರಾತ್ರಿ ಯಾರಾದರೂ ಹೊರಗಿಂದ ಕೂಗಿದರೆ ತಕ್ಷಣ ಓಗೊಡಬಾರದು. ಮೂರು ಸಲ ಕೂಗಬೇಕು. ದೆವ್ವಕ್ಕೆ ಎರಡೇ ಸಲ ಕೂಗಲು ಆಗುವುದು, ಮೂರನೆಯದು ಮನುಷ್ಯರದ್ದು. ಬೇಕಾದವರ ದನಿಯಲ್ಲೇ ಕೂಗುತ್ತದಂತೆ. ಸುವರ್ಣಮ್ಮನ ಸ್ವಂತ ಚಿಕ್ಕವ್ವ ಹೀಗೇ ಮೊದಲ ಕೂಗಿಗೇ "ಆಂ" ಅಂದು ಎದ್ದು ಹೋಗಿ, ಬೆಳಿಗ್ಗೆ ಅದೇ ಬಾವಿಯಲ್ಲಿ ಸಿಕ್ಕಿದ್ದಳು. ಅವತ್ತಿನಿಂದ ಅವರವ್ವ ಇಬ್ಬರು ಹೆಣ್ಣುಮಕ್ಕಳಿಗೂ ಅನ್ನ ತಿನ್ನಿಸುವಾಗಲೆಲ್ಲ ಹೇಳುತ್ತಿದ್ದದ್ದು ಇದೊಂದೇ. ಮೂರು ಸಲ... ಮೂರು ಸಲ ಕಣ್ರೇ.

ದೊರೆಸಾನಿ ಎಲ್ಲ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಹೇಳಿದಳು. ಸುವರ್ಣಮ್ಮ ಅದನ್ನು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದಳು.

"ದೆವ್ವ ಇಲ್ಲ. ಕತ್ತಲಲ್ಲಿ ಯಾರಾದರೂ ಕೂಗಿದರೆ ಅದು ಕಷ್ಟದಲ್ಲಿರೋ ಮನುಷ್ಯರ ಕೂಗು. ಒಂದೇ ಸಲ ಕೂಗಿದರೂ ಎದ್ದು ಬಾಗಿಲು ತೆಗೀಬೇಕು. ಹೆದರಬಾರದು."

ಎಷ್ಟು ಚೆನ್ನಾಗಿ ಹೇಳಿದಳೆಂದರೆ, ಹಿಂದೆ ಕೂತಿದ್ದ ಪಟೇಲ ಕೂಡ ಊದಿದ ದವಡೆ ಹಿಡಿದುಕೊಂಡೇ ತಲೆದೂಗಿದ.

ಅಲ್ಲಿಂದ ಬರುವಾಗಲೇ ರಾಟೆ ತಿರುಗಿದ್ದು. ಕಿರ್ರ್... ಕಿರ್ರ್... ಸುವರ್ಣಮ್ಮ ದೊರೆಸಾನಿಯ ಕೈ ಹಿಡಿದು ಹೆಚ್ಚುಕಡಿಮೆ ಓಡಿಸಿಕೊಂಡೇ ಬಂದಳು. ತೋಟದ ಮನೆಗೆ ಬಂದು ಬಾಗಿಲಿಗೆ ಅಗುಳಿ ಹಾಕಿದಳು. ಖಟ್. ಗಾಡಿ ಹೊಡೆಯುವ ಸಣ್ಣಯ್ಯ ಅಂಗಳದಲ್ಲಿ ಗಾಡಿಯ ಕೆಳಗೆ ಕಂಬಳಿ ಹೊದ್ದು ಮಲಗಿದ್ದ.

ಮನೆಯ ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ತೆಂಗಿನಕಾಯಿ. ಒಣಗಿದ ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟಿರುತ್ತದಲ್ಲ, ಇಲಿ ಓಡಾಡಿದರೆ ಸದ್ದು ಮಾಡುತ್ತದೆ. ಲೊಟಕ್... ಲೊಟಕ್... ದೊರೆಸಾನಿಗೆ ಆಗಲೇ ನಿದ್ದೆ ಹತ್ತಿತ್ತು. ಸುವರ್ಣಮ್ಮ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು.

ಆಗ ಬಂತು.

"ಅಕ್ಕಾ..."

ಆಲದ ಮರದ ಕಡೆಯಿಂದ. ಕೆಂಪಿಯ ದನಿ... ಕೆಂಪಿಯದೇ. ಸುವರ್ಣಮ್ಮ ಎದ್ದು ಕೂತಳು. ಬಾಯಿವರೆಗೂ ಬಂದ "ಬಂದೆ" ಅನ್ನುವ ಮಾತನ್ನು ನುಂಗಿದಳು. ಬೇಕಾದವರ ದನಿಯಲ್ಲೇ ಕೂಗುತ್ತದೆ.

ದೊರೆಸಾನಿಗೂ ಎಚ್ಚರವಾಯಿತು. "ಯಾರೋ ಕರೆದರಲ್ಲ?"

"ಹಕ್ಕಿ," ಅಂದಳು ಸುವರ್ಣಮ್ಮ. "ರಾತ್ರಿ ಕೂಗೋ ಹಕ್ಕಿ. ಮಲಗಿ."

ದೊರೆಸಾನಿ ಇಡೀ ದಿನ ದುಡಿದು ದಣಿದಿದ್ದಳು, ನಂಬಿದಳು. ನಂಬದೆ ಏನು ಮಾಡುತ್ತಾಳೆ, ಅವಳ ಕಿವಿ ಸುವರ್ಣಮ್ಮನೇ ಅಲ್ಲವೇ?

"ಅಕ್ಕಾ... ಆ..."

ಎರಡನೆಯದು. ಹಲ್ಲು ಕಚ್ಚಿಕೊಂಡು ಎಳೆದ ಹಾಗೆ. ಸುವರ್ಣಮ್ಮ ಬಾಗಿಲ ಹತ್ತಿರ ಹೋಗಿ ಅಗುಳಿಯ ಮೇಲೆ ಕೈಯಿಟ್ಟಳು. ಅಗುಳಿ ತಣ್ಣಗೆ ಕೊರೆಯುತ್ತಿತ್ತು. ಇನ್ನೊಂದು ಸಲ ಕೂಗೇ... ಇನ್ನೊಂದೇ ಒಂದು ಸಲ. ಕೆಂಪಿಯೂ ಅದೇ ಅವ್ವನ ಮಗಳು. ಅವಳಿಗೂ ಗೊತ್ತು. ಅವಳೇ ಆಗಿದ್ದರೆ ಮೂರು ಸಲ ಕೂಗುತ್ತಾಳೆ, ಕೂಗದೆ ಇರುವುದಿಲ್ಲ. ಹಾಗಂತ ಅಂದುಕೊಂಡು ನಿಂತಳು.

ಲೊಟಕ್... ಲೊಟಕ್...

ಮೂರನೆಯ ಕೂಗು ಬರಲಿಲ್ಲ.

ಸುವರ್ಣಮ್ಮನಿಗೆ ಆಗ ಏನನ್ನಿಸಿತು ಗೊತ್ತೆ? ನೆಮ್ಮದಿ. ಬಚಾವಾದೆ ಅನ್ನಿಸಿತು. ಕೆಂಪಿಯಲ್ಲ, ಆಲದ ಮರದ್ದೇ ಅಂತ ಖಾತ್ರಿಯಾಯಿತು. ಬಂದು ಮಲಗಿ ನಿದ್ದೆಯನ್ನೂ ಮಾಡಿದಳು. ತನ್ನ ಮೇಲೆ ತನಗೆ ಅಸಹ್ಯವಾಗುವುದು ಆ ನಿದ್ದೆಗೆ ಅಂತ ಎಷ್ಟೋ ವರ್ಷದ ಮೇಲೆ ಅವಳೇ ಹೇಳಿದ್ದು.

ಬೆಳಿಗ್ಗೆ ನೀರಿಗೆ ಹೋದವರು ಕೂಗಿಕೊಂಡರು. ಕೆಂಪಿ ಆಲದ ಬೇರಿಗೆ ಒರಗಿ ಕೂತಿದ್ದಳು. ಬಾಯಲ್ಲಿ ಸೆರಗು ತುರುಕಿಕೊಂಡಿದ್ದಳು. ಬೆರಳುಗಳು ಮಣ್ಣನ್ನು ಕೆದರಿದ್ದವು. ಹೊಟ್ಟೆ ಹಾಗೇ ತುಂಬಿತ್ತು. ಮಡಿಲಲ್ಲಿ ಗಂಟು, ಬಿಚ್ಚಿರಲಿಲ್ಲ.

ದೊರೆಸಾನಿ ಓಡಿಬಂದು ಮಂಡಿಯೂರಿದಳು. ಹೊಟ್ಟೆಗೆ ಕಿವಿಯಿಟ್ಟಳು. ಆಮೇಲೆ ತಲೆಯೆತ್ತಿ ಸುವರ್ಣಮ್ಮನ ಮುಖ ನೋಡಿದಳು. ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಒಂದೇ ಮಾತು ಕೇಳಿದಳು.

"ಹಕ್ಕಿ?"

ಸುವರ್ಣಮ್ಮ ತಂಗಿಯ ಬಾಯಿಂದ ಸೆರಗನ್ನು ಮೆಲ್ಲಗೆ ಬಿಡಿಸಿದಳು.

ಸಣ್ಣಯ್ಯ ಹಿಂದೆ ನಿಂತು ಮೆಲ್ಲಗೆ ಅಂದ, "ನಂಗೂ ಕೇಳುಸ್ತು ಕಣಮ್ಮ. ನಾನೂ ಮೂರ್ನೇದಕ್ಕೇ ಕಾಯ್ತಾ ಮಲ್ಗಿದ್ದೆ." ಊರಂಚಿನ ಮನೆಯವರೂ ತಲೆ ತಗ್ಗಿಸಿಕೊಂಡು ನಿಂತಿದ್ದರು. ಅವರಿಗೂ ಕೇಳಿಸಿತ್ತು. ಎಲ್ಲರೂ ಕಾದಿದ್ದರು. ಒಬ್ಬಳು ಬಸುರಿ ಹೆಂಗಸಿಗೆ ಉಸಿರು ಎಷ್ಟಿರುತ್ತದೆ ಅಂತ ಒಬ್ಬರಾದರೂ ಯೋಚನೆ ಮಾಡಲಿಲ್ಲ.

ಹುಚ್ಚಮ್ಮ ಬಂದಳು. ಎದೆ ಬಡಿದುಕೊಂಡು ಅತ್ತಳು. ರಾತ್ರಿ ಸೊಸೆ ನರಳುತ್ತಿದ್ದಾಗ, "ಹೊತ್ತಾರೆ ಸೂಲಗಿತ್ತಿನ ಕರೆಸ್ತೀನಿ, ಸುಮ್ಕೆ ಬಿದ್ಕೊ" ಅಂದಿದ್ದವಳು ಅವಳೇ. ಆ ಮಾತು ಪಕ್ಕದ ಮನೆಗೂ ಕೇಳಿಸಿತ್ತು. ಈಗ ಅವಳನ್ನು ಯಾರೂ ಏನೂ ಕೇಳಲಿಲ್ಲ.

ಮಧ್ಯಾಹ್ನ ಲಕ್ಕಪ್ಪ ಬಾಣಾವರದಿಂದ ಬಂದ. ಬಸುರಿಯಾಗಿ ಸತ್ತವಳು ಅಂತ ಊರ ಗಡಿಯಲ್ಲಿ ಮಣ್ಣು ಮಾಡಿದರು. ಸುವರ್ಣಮ್ಮನನ್ನು ಹತ್ತಿರ ಬಿಡಲಿಲ್ಲ. ದೂರದಿಂದಲೇ ನೋಡಿದಳು. ಹುಚ್ಚಮ್ಮ ಆ ಗಂಟನ್ನು ಕೋಲಿನ ತುದಿಯಲ್ಲಿ ಎತ್ತಿ ಗುಂಡಿಗೆ ಹಾಕಿದಳು. ನೀಲಿ ಹೂವಿನ ಮೇಲೆ ಮಣ್ಣು ಬಿದ್ದದ್ದನ್ನು ಸುವರ್ಣಮ್ಮ ಕಣ್ಣಾರೆ ಕಂಡಳು. ಇದು ನೆನಪಿರಲಿ ನಿಮಗೆ. ಆಮೇಲೆ ಗುಂಡಿಯಿಂದ ಊರಿನವರೆಗೂ ಸಾಸಿವೆ ಚೆಲ್ಲಿಕೊಂಡು ಬಂದರು. ಒಂದೊಂದೇ ಕಾಳು ಆರಿಸುವಷ್ಟರಲ್ಲಿ ಬೆಳಗಾಗಲಿ, ಮನೆಗೆ ಬರದೆ ಇರಲಿ ಅಂತ. ಬದುಕಿದ್ದಾಗ ಅಗುಳಿ ಹಾಕಿಕೊಂಡವರು ಸತ್ತ ಮೇಲೂ ದಾರಿ ಕಟ್ಟಿದರು.

ಹೊತ್ತು ಮುಳುಗಿದ ಮೇಲೆ ಹೊಸ ಗುಂಡಿಯ ಪಕ್ಕ ಗಾಡಿ ಹೊಡೆಯುವುದಿಲ್ಲ ಅಂತ ಸಣ್ಣಯ್ಯ ಹಟ ಹಿಡಿದ. ಇನ್ನೊಂದು ರಾತ್ರಿ ಅಲ್ಲೇ ಕಳೆಯಬೇಕಾಯಿತು. ದೊರೆಸಾನಿ ಔಷಧದ ಪೆಟ್ಟಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಲಾಟೀನು ಆರಿಸಲಿಲ್ಲ. ಅಟ್ಟದ ಮೇಲೆ ಆವತ್ತು ಇಲಿಯ ಸದ್ದೂ ಇಲ್ಲ...

"ಅಕ್ಕಾ!"

ಬಾಗಿಲ ಹೊರಗೇ. ನರಳಿಕೆಯಲ್ಲ, ಎಳೆದದ್ದಲ್ಲ. ಚಿಕ್ಕವರಿದ್ದಾಗ ಕೆರೆ ಏರಿಯ ಮೇಲಿಂದ ಕೂಗುತ್ತಿದ್ದಳಲ್ಲ, ಹಾಗೆ. ಉಸಿರು ತುಂಬಿ.

ಒಂದೇ ಸಲ. ಮೂರನೆಯದು.

ಸುವರ್ಣಮ್ಮ ಕಾಯಲಿಲ್ಲ. "ಬಂದೆ ಕಣೇ ಕೆಂಪೀ, ಬಂದೆ!" ಅಂತ ಅಗುಳಿ ಕಿತ್ತೆಸೆದ ಹಾಗೆ ತೆಗೆದು ಹೊರಗೆ ಬಿದ್ದಳು. ಅಂಗಳದಲ್ಲಿ ಯಾರೂ ಇರಲಿಲ್ಲ. ಎತ್ತುಗಳು ಎದ್ದು ನಿಂತು ಒಂದೇ ದಿಕ್ಕಿಗೆ ನೋಡುತ್ತಿದ್ದವು. ಸಣ್ಣಯ್ಯ ಗಾಡಿಯ ಕೆಳಗೆ ಕೂತಿದ್ದ. ಹೊಸ್ತಿಲ ಕಡೆ ಕೈ ತೋರಿಸಿದ.

ಹೊಸ್ತಿಲ ಮೇಲೆ ಗಂಟು. ದಿಂಬಿನ ಚೀಲ, ನೀಲಿ ಹೂ. ಮೈಗೆಲ್ಲ ಹಸಿ ಮಣ್ಣು ಮೆತ್ತಿತ್ತು. ಬಾಯಿಗೆ ಗಂಟು ಬಿಗಿಯಾಗೇ ಇತ್ತು.

ಸುವರ್ಣಮ್ಮ ಮುಟ್ಟಲಾರದೆ ನಿಂತಿದ್ದಳು. ದೊರೆಸಾನಿ ಬಗ್ಗಿ ಎತ್ತಿದಳು, ಮಣ್ಣು ಕೊಡವಿದಳು, ಸುವರ್ಣಮ್ಮನ ಕೈಯಲ್ಲಿಟ್ಟು ಬೆರಳು ಮಡಿಸಿದಳು. ದೆವ್ವ ಅನ್ನಲಿಲ್ಲ, ದೇವರು ಅನ್ನಲಿಲ್ಲ. ಒಳಗೆ ಹೋಗಿ ಮತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಳು.

ಚಳಿಗಾಲ ಮುಗಿಯುವುದಕ್ಕೆ ಮುಂಚೆಯೇ ದೊರೆಸಾನಿ ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ಹತ್ತಿದಳು. ತನ್ನೂರಿನ ಚರ್ಚಿನಲ್ಲಿ ಏನು ಹೇಳಿದಳೋ. ಪಟೇಲನ ಹಲ್ಲಿನ ಕತೆ ಹೇಳಿರಬೇಕು, ಕರು ಟೋಪಿ ತಿಂದದ್ದು ಹೇಳಿರಬೇಕು. ಜನ ನಕ್ಕಿರಬೇಕು. ಲಕ್ಕಪ್ಪ ವರ್ಷ ತಿರುಗುವುದರೊಳಗೆ ಇನ್ನೊಂದು ಮದುವೆಯಾದ. ಹುಚ್ಚಮ್ಮ ಮೊಮ್ಮಕ್ಕಳನ್ನು ಆಡಿಸಿ, ಹಣ್ಣು ಮುದುಕಿಯಾಗಿ ನೆಮ್ಮದಿಯಾಗಿ ಸತ್ತಳು. ದೇವರು ಇದ್ದಾನೋ ಇಲ್ಲವೋ, ಲೆಕ್ಕ ನೋಡುವವನಂತೂ ಅಲ್ಲ.

ಸುವರ್ಣಮ್ಮ ಆಮೇಲೆ ಯಾರ ಮಾತನ್ನೂ ಯಾರಿಗೂ ಕನ್ನಡ ಮಾಡಿ ಹೇಳಲಿಲ್ಲ. ನಮ್ಮ ಪಕ್ಕದ ಮನೆಗೆ ಬಂದ ದಿನವೇ ಬಾಗಿಲ ಅಗುಳಿ ಕೀಳಿಸಿದಳು. ರಾತ್ರಿ ಯಾರು ಒಂದು ಸಲ ಕೂಗಿದರೂ "ಬಂದೆ" ಅನ್ನುವಳು. ಭಿಕ್ಷುಕರು ಕೂಗಿದರು, ಕುಡುಕರು ಕೂಗಿದರು, ಬೀದಿಯ ಪೋಲಿ ಹುಡುಗರು ತಮಾಷೆಗೆ ಕೂಗಿದರು. ಎಲ್ಲರಿಗೂ ಎದ್ದು ಬಂದಳು. ಕಳ್ಳರು ಹಿತ್ತಾಳೆ ಪಾತ್ರೆಯೆಲ್ಲ ಹೊತ್ತುಕೊಂಡು ಹೋದ ಮೇಲೂ ಅಗುಳಿ ಹಾಕಿಸಲಿಲ್ಲ. ಆ ಗಂಟನ್ನು ಟ್ರಂಕಿನ ತಳದಲ್ಲಿಟ್ಟಿದ್ದಳು. ಒಮ್ಮೆಯೂ ಬಿಚ್ಚಿದವಳಲ್ಲ. ಅದನ್ನು ನೋಡುವ ಯೋಗ್ಯತೆ ನನಗಿಲ್ಲ ಅನ್ನುತ್ತಿದ್ದಳು.

ಅವಳು ತೀರಿಕೊಂಡಾಗ ಟ್ರಂಕು ತೆಗೆದದ್ದು ಗಿಡ್ಡಮ್ಮ, ನಮ್ಮ ದೊಡ್ಡಮ್ಮ. ಹೊದಿಸಲು ಒಂದು ಒಳ್ಳೆ ಸೀರೆ ಸಿಗುತ್ತದೇನೋ ಅಂತ ಹುಡುಕಿದಳು. ಗಂಟು ಸಿಕ್ಕಿತು. ಕತೆಯೆಲ್ಲ ಸುವರ್ಣಮ್ಮನ ಬಾಯಲ್ಲೇ ಕೇಳಿದ್ದವಳು ಅವಳು. ಆದರೂ ಬಿಚ್ಚಿದಳು. ನಮ್ಮ ದೊಡ್ಡಮ್ಮ ಬೈಯುತ್ತಾಳೆ, ಹೊಡೆಯುತ್ತಾಳೆ, ಆದರೆ ಸುಳ್ಳು ಹೇಳುವವಳಲ್ಲ. ಬೇಕಾದರೆ ನಾಳೆ ಬೆಳಿಗ್ಗೆ ಹೋಗಿ ಕೇಳಿ, ಕಿವಿ ಮಂದವಾಗಿದೆ, ಗಟ್ಟಿಯಾಗಿ ಕೇಳಬೇಕು.

ಮಡಿಸಿದ ಬಿಳಿ ಬಟ್ಟೆ ಹಾಗೇ ಇತ್ತಂತೆ. ಬ್ಲೇಡು ಕಾಗದದಿಂದ ಹೊರಗಿತ್ತಂತೆ.

ಹೊಕ್ಕುಳಬಳ್ಳಿ ಕಟ್ಟಲು ಇಟ್ಟಿದ್ದ ನೂಲು ಇರಲಿಲ್ಲ.